ಪಿಯಾನೊ ಒಡೆದ ಅಪ್ಪ

'ಬಿಲ್ಲಿ ಎಲಿಯಟ್' ನನಗೆ ಸಿಕ್ಕಿದ್ದು ತಿರುವುಮುರುವಾಗಿ. ಸಿನಿಮಾ ಬಂದದ್ದು 2000ದಲ್ಲಿ. ಅದನ್ನು ಹಾಡು-ಕುಣಿತದ ನಾಟಕ ಮಾಡಿ ಲಂಡನ್ನಿನ ವಿಕ್ಟೋರಿಯಾ ಪ್ಯಾಲೇಸ್ ರಂಗಮಂದಿರದಲ್ಲಿ ಆಡಿದ್ದು 2005ರಲ್ಲಿ. ಎರಡನ್ನೂ ಬರೆದದ್ದು ಲೀ ಹಾಲ್, ನಿರ್ದೇಶಿಸಿದ್ದು ಸ್ಟೀಫನ್ ಡಾಲ್ಡ್ರಿ. ನಾಟಕದ ಸಂಗೀತ ಎಲ್ಟನ್ ಜಾನ್ ಅವರದು. ಆ ಪ್ರಯೋಗವನ್ನು 2014ರಲ್ಲಿ ಚಿತ್ರೀಕರಿಸಿದ್ದರು. ನಾನು ಮೊದಲು ನೋಡಿದ್ದು ಅದನ್ನು. ಚೆನ್ನಾಗಿ ಅತ್ತೆ. ಹದಿನೈದು ದಿನ ಬಿಟ್ಟು ಊರಿಗೆ ಹೋದಾಗ ಅವ್ವನ ಪಕ್ಕ ಕೂತು ಸಿನಿಮಾ ನೋಡಿದೆ. ಅಳು ಬರಲಿಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಹಾಗೇಕಾಯಿತು ಅಂತ ಕೇಳಿಕೊಂಡಾಗ ಹುಟ್ಟಿದ್ದು ಈ ಬರಹ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. 1984ರ ಮಾರ್ಚಿನಿಂದ 1985ರ ಮಾರ್ಚಿನವರೆಗೆ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿ, ಥ್ಯಾಚರ್ ಸರ್ಕಾರದ ಎದುರು ಸೋತರು. ಆಗ ಡರ್ಹಾಮ್ ಸೀಮೆಯ ಗಣಿ ಕಾರ್ಮಿಕನೊಬ್ಬನ ತಾಯಿಯಿಲ್ಲದ ಮಗ ಬಾಕ್ಸಿಂಗ್ ಕಲಿಯಲು ಹೋಗಿ ಬ್ಯಾಲೆ ಕಲಿಯುತ್ತಾನೆ. ಅಪ್ಪ, ಅಣ್ಣ ಇಬ್ಬರೂ ಮುಷ್ಕರದಲ್ಲಿದ್ದಾರೆ. ಹುಡುಗ ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲಿಗೆ ಹೋಗಬೇಕು, ಮನೆಯಲ್ಲಿ ಕಾಸಿಲ್ಲ.

ನಾಟಕದಲ್ಲಿ ಎಲ್ಲರಿಗೂ ಹಾಡಿದೆ. ಸಿನಿಮಾದಲ್ಲಿ ಬರೀ ಮರೆವಿನ ಮುದುಕಿಯಾಗಿರುವ ಅಜ್ಜಿ ಇಲ್ಲಿ ತನ್ನನ್ನು ಹೊಡೆಯುತ್ತಿದ್ದ ಗಂಡನ ಬಗ್ಗೆ ಹಾಡುತ್ತಾಳೆ. ಇದು ನಾಟಕದ ದೊಡ್ಡ ಗೆಲುವು. ಆದರೆ ಅದೇ ನಾಟಕದಲ್ಲಿ ಪೊಲೀಸರು, ಮುಷ್ಕರದವರು, ಬ್ಯಾಲೆ ಕಲಿಯುವ ಹುಡುಗಿಯರು ಒಂದೇ ನೆಲದ ಮೇಲೆ ಒಂದೇ ತಾಳಕ್ಕೆ ಕುಣಿಯುತ್ತಾರೆ. ನೋಡುವಾಗ ನಾನೂ ಖುಷಿಪಟ್ಟೆ. ಏಟು ಕೊಟ್ಟವನೂ ತಿಂದವನೂ ಒಂದೇ ಲಯಕ್ಕೆ ಬಿದ್ದುಬಿಟ್ಟರೆ ಏಟು ಎಲ್ಲಿ ಹೋಯಿತು ಅನ್ನೋ ಪ್ರಶ್ನೆ ಆಮೇಲೆ ಬಂತು. ಸಿನಿಮಾದಲ್ಲಿ ಒಂದು ಹುಡುಗಿ ಮಾತಾಡುತ್ತಾ ನಡೆಯುತ್ತಾಳೆ. ಕೈಯಲ್ಲಿನ ಕೋಲನ್ನು ಗೋಡೆಗೆ ಗೀರುತ್ತಾ ಹೋಗುತ್ತಾಳೆ. ಗೋಡೆ ಮುಗಿದು ಪೊಲೀಸರ ಗುರಾಣಿಗಳ ಸಾಲು ಬರುತ್ತದೆ. ಕೋಲು ಅದರ ಮೇಲೂ ಹಾಗೇ ಗೀರುತ್ತಾ ಹೋಗುತ್ತದೆ. ಅವಳಿಗೆ ಗುರಾಣಿಯೂ ಊರಿನ ಗೋಡೆಯಾಗಿಬಿಟ್ಟಿದೆ. ಪ್ರಭುತ್ವ ಅಂದರೆ ಏನು ಅಂತ ಇದಕ್ಕಿಂತ ಕಡಿಮೆ ಮಾತಲ್ಲಿ ಹೇಳುವುದು ಕಷ್ಟ.

ಕ್ರಿಸ್‌ಮಸ್ ದೃಶ್ಯಕ್ಕೆ ಬರುತ್ತೇನೆ. ನಾಟಕದಲ್ಲಿ ಊರೆಲ್ಲ ಸೇರಿ ಥ್ಯಾಚರಳನ್ನು ಗೇಲಿ ಮಾಡುತ್ತದೆ. ಕುಡಿದ ಅಪ್ಪ ಎದ್ದುನಿಂತು ಹಳೆಯ ಜನಪದದಂಥ ಒಂದು ಹಾಡು ಹಾಡುತ್ತಾನೆ. ನಾನು ಅತ್ತದ್ದು ಅಲ್ಲಿ. ಸಿನಿಮಾದಲ್ಲಿ ಅದೇ ಅಪ್ಪ ಸತ್ತ ಹೆಂಡತಿಯ ಪಿಯಾನೊ ಒಡೆದು ಒಲೆಗೆ ಹಾಕುತ್ತಾನೆ. ಮನೆ ಬೆಚ್ಚಗಾಗಬೇಕಲ್ಲ. ಅಲ್ಲಿ ಹಾಡು, ಇಲ್ಲಿ ಒಡೆದ ವಾದ್ಯ.

ನಮಗೆ ಹಾಡು ಚಳವಳಿಯ ಉಸಿರು. ಸಿದ್ಧಲಿಂಗಯ್ಯನವರ ಹಾಡು ಹೇಳಿಕೊಂಡೇ ಎಷ್ಟೋ ಜಾಥಾಗಳು ಹೊರಟಿವೆ. ಹಾಗಾಗಿ 'ನೋವು ಹಾಡಾಗಬೇಕು' ಅಂತ ನಾವೂ ನಂಬಿದ್ದೇವೆ, ನಮ್ಮನ್ನು ಹೊಗಳುವವರೂ ಅದನ್ನೇ ಹೇಳುತ್ತಾರೆ. ಆದರೆ ನಡೆಯುವವರು ತಮಗಾಗಿ ಹಾಡಿಕೊಂಡ ಹಾಡು ಬೇರೆ, ಟಿಕೀಟು ಕೊಂಡು ಕೂತವರಿಗೆ ಹಾಡಿ ತೋರಿಸುವ ಹಾಡು ಬೇರೆ. ಎರಡನೆಯದು ಕೇಳುವವನ ಎದೆ ಹಗುರ ಮಾಡಿ ಮನೆಗೆ ಕಳಿಸುತ್ತದೆ. ನನ್ನ ಅಳು ಆ ಜಾತಿಯದು ಅಂತ ಈಗ ಅನ್ನಿಸುತ್ತಿದೆ. ಹಾಡು ಸಿಗದ ಅಪ್ಪ ನನ್ನನ್ನು ಹಾಗೆ ಸುಲಭಕ್ಕೆ ಬಿಡಲಿಲ್ಲ.

ಆದರೂ ಸಿನಿಮಾ ಎಡವುವ ಜಾಗವೊಂದಿದೆ. ಅದರ ಕೊನೆಯ ಚಿತ್ರ ದೊಡ್ಡವನಾದ ಬಿಲ್ಲಿಯ ಜಿಗಿತ. ಒಬ್ಬ ಹಾರಿದ, ಊರು ಹಿಂದೆ ಉಳಿಯಿತು. ಅಪ್ಪ, ಅಣ್ಣ ಮತ್ತೆ ಗಣಿಗೆ ಇಳಿಯುವುದು ಒಂದೆರಡು ಕ್ಷಣದಲ್ಲಿ ಮುಗಿದುಹೋಗುತ್ತದೆ. ನಾಟಕ ಆ ಇಳಿಯುವಿಕೆಯನ್ನು ಬಿಡುವುದಿಲ್ಲ. ಕತ್ತಲಲ್ಲಿ ಟೋಪಿಯ ದೀಪಗಳು ನಮ್ಮ ಮುಖಕ್ಕೇ ಬೀಳುತ್ತವೆ, ಗಂಡಸರು ಹಾಡುತ್ತಾ ನೆಲದೊಳಗೆ ಹೋಗುತ್ತಾರೆ. ಹುಡುಗನ ಪ್ರಯಾಣಕ್ಕೆ ಕಾರ್ಮಿಕರು ಚಿಲ್ಲರೆ ಕೂಡಿಸುವಾಗ ಮುಷ್ಕರ ಮುರಿದವನೊಬ್ಬ ಬಂದು ನೂರಾರು ಪೌಂಡು ಕೊಡುತ್ತಾನೆ. ಬೇಡ ಅನ್ನಲು ಹೊರಟವರಿಗೆ ಯಾರೂ ದನಿಗೂಡಿಸುವುದಿಲ್ಲ. ಕೇರಿಯಿಂದ ಮೊದಲು ಕಾಲೇಜಿಗೆ ಹೋದ ಯಾರಿಗೇ ಆಗಲಿ ಈ ಮೌನ ಗೊತ್ತಿರುತ್ತದೆ. ನಮ್ಮ ಒಬ್ಬೊಬ್ಬರ ಜಿಗಿತದ ಲೆಕ್ಕದಲ್ಲೂ ಯಾರ ಯಾರ ದುಡ್ಡು ಸೇರಿದೆ?

ಇಲ್ಲಿ ಒಂದು ಎಚ್ಚರ ಬೇಕು. ವರ್ಗದ ಕತೆ ನೋಡಿ 'ಇದು ನಮ್ಮದೇ' ಅನ್ನುವ ಆತುರ ನಮ್ಮ ವಿಮರ್ಶೆಗೆ ಇದೆ. ಗಣಿ ಮುಚ್ಚಿದರೆ ಅವರಿಗೆ ದುರಂತ. ಸಿನಿಮಾ ತೆಗೆದ ಈಸಿಂಗ್ಟನ್ನಿನ ಗಣಿ 1993ರಲ್ಲಿ ಮುಚ್ಚಿತು, ಊರು ಸೊರಗಿತು. ನಮ್ಮ ಹೆಗಲಿಗೆ ಕಟ್ಟಿದ ಕೆಲಸದ ಕತೆ ಹಾಗಲ್ಲ. ಸತ್ತ ದನದ ಮಾಂಸ ಬಿಡಿ ಅಂತ ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ಹೇಳಿದರು. ದನ ಹೊರುವ ಬಿಟ್ಟಿ ಚಾಕರಿ ನಿಂತರೆ ನಮಗೆ ಹಬ್ಬ. ಬಿಲ್ಲಿಗೆ ಕುಣಿತ ಬೇಡ ಅಂದರು. ನಮ್ಮವರಿಗೆ ತಮಟೆ ಬಡಿಯಲೇಬೇಕು ಅಂದರು. ಬಿಲ್ಲಿ ಕುಣಿದು ಬಿಡುಗಡೆ ಪಡೆದ. ನಮ್ಮಲ್ಲಿ ಸಾವಿನ ಮನೆಯ ಮುಂದೆ ಬಡಿಯೋದಿಲ್ಲ ಅಂತ ತಮಟೆ ಕೆಳಗಿಟ್ಟವನೂ, ಅದನ್ನೇ ಜಾಥಾಕ್ಕೆ ಎತ್ತಿಕೊಂಡವನೂ, ಇಬ್ಬರೂ ಬಿಡುಗಡೆಯ ದಾರಿಯಲ್ಲೇ ಇದ್ದಾರೆ. ಈ ಇಕ್ಕಟ್ಟು ಡರ್ಹಾಮಿನ ಹುಡುಗನಿಗೆ ಇಲ್ಲ.

ಅವ್ವನಿಗೆ ಇಂಗ್ಲಿಷ್ ಬರೋದಿಲ್ಲ. ಪಿಯಾನೊ ಒಡೆಯುವಾಗ "ಒಡಿಯೋ ಬದ್ಲು ಮಾರ್ಬೋದಾಗಿತ್ತಲ್ಲ ಮಗ" ಅಂದಳು. ಮುಷ್ಕರ ಸಾಕೆಂದು ಅಪ್ಪ ಕೆಲಸದ ಬಸ್ಸು ಹತ್ತಿ, ಆಮೇಲೆ ದೊಡ್ಡ ಮಗನ ತೋಳಲ್ಲಿ ಕುಸಿದು ಅಳುವಾಗ "ಯಾಕ್ ಹಂಗ್ ಅಳ್ತಾವ್ನೆ?" ಅಂತ ಕೇಳಿದಳು, ವಿವರಿಸಿದೆ. ಕೊನೆಗೆ ಅಪ್ಪ ಸತ್ತ ಹೆಂಡತಿಯ ಒಡವೆ ತಗೊಂಡು ಗಿರವಿ ಅಂಗಡಿಗೆ ಹೋದ. ಆಗ ಅವ್ವ ಏನೂ ಕೇಳಲಿಲ್ಲ. ನನ್ನ ಎಂ.ಎ. ಫೀಸಿಗೆ ಗಿರವಿ ಹೋದ ಅವಳ ಓಲೆ ಬಿಡಿಸಿಕೊಂಡದ್ದು ನಾನು ಪಾಠ ಮಾಡೋಕೆ ಸೇರಿದ ಮೇಲೆ. ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು, ಮತ್ತೆ ಕೆಳಗಿಳಿಯಿತು. ಸಿನಿಮಾ ಇನ್ನೂ ಓಡುತ್ತಿತ್ತು.