ಹಳ್ಳದ ಆಚೆ, ಹಳ್ಳದ ಈಚೆ

ಕ್ರೈಸ್ತರ ಉಪವಾಸಕಾಲದ ಮುನ್ನಾದಿನವಾದ ಶ್ರೋವ್ ಮಂಗಳವಾರ ಬಂತೆಂದರೆ ಆಶ್‌ಬೋರ್ನ್‌ನ ಅಂಗಡಿಯವರು ಗಾಜಿನ ಕಿಟಕಿಗಳಿಗೆ ಹಲಗೆ ಬಡಿಯುತ್ತಾರೆ. ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಈ ಸಂತೆಯೂರಿನಲ್ಲಿ ಅಂದು ಮತ್ತು ಮರುದಿನದ ಬೂದಿ ಬುಧವಾರ ಊರೇ ಫುಟ್‌ಬಾಲ್ ಮೈದಾನ. ಹೆನ್‌ಮೋರ್ ಹಳ್ಳದ ಉತ್ತರಕ್ಕೆ ಹುಟ್ಟಿದವರು ಅಪರ್ಡ್ಸ್, ದಕ್ಷಿಣಕ್ಕೆ ಹುಟ್ಟಿದವರು ಡೌನರ್ಡ್ಸ್. ಎರಡು ಗೋಲುಗಳ ನಡುವೆ 3 ಮೈಲಿ ದೂರ. ಒಂದು ಪಕ್ಷಕ್ಕೆ ಎಷ್ಟು ಜನ ಎಂದು ಯಾರೂ ಎಣಿಸುವುದಿಲ್ಲ.

ಇದನ್ನು ಹುಚ್ಚಾಟವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಶಾಕ್ರಾಫ್ಟ್ ಕಾರ್ ನಿಲ್ದಾಣದ ಕಟ್ಟೆಯಿಂದ ಮಧ್ಯಾಹ್ನ 2 ಗಂಟೆಗೆ ಚೆಂಡು ಮೇಲೆ ಹಾರಿದೊಡನೆ ಅದರ ಸುತ್ತ ಜನ ಒತ್ತೊತ್ತಾಗಿ ಮುತ್ತುತ್ತಾರೆ. ಈ ಗುಂಪಿಗೆ ಅಲ್ಲಿಯವರು 'ಹಗ್' ಎನ್ನುತ್ತಾರೆ. ಹಳ್ಳದ ಚಳಿಗಾಲದ ನೀರಿನಲ್ಲೂ ಆಟ ನಿಲ್ಲುವುದಿಲ್ಲ. ಚೆಂಡಿನೊಳಗೆ ಬೆಂಡು ತುಂಬಿರುವುದರಿಂದ ಅದು ತೇಲುತ್ತದೆ. ಕೊಲ್ಲಬಾರದು, ಚೆಂಡನ್ನು ವಾಹನದಲ್ಲಿ ಸಾಗಿಸಬಾರದು, ಬಟ್ಟೆಯೊಳಗೆ ಅಡಗಿಸಬಾರದು, ಚರ್ಚಿನ ಅಂಗಳಕ್ಕೂ ಸ್ಮಶಾನಕ್ಕೂ ಕಾಲಿಡಬಾರದು. ಕಟ್ಟಳೆಗಳು ಹೆಚ್ಚುಕಡಿಮೆ ಇಷ್ಟೇ. ಇಷ್ಟರಲ್ಲೇ ನೂರಾರು ಜನರ ನೂಕಾಟ ನಡೆಯುವುದೆಂದರೆ, ಬಿದ್ದವನನ್ನು ಎತ್ತಲು ಎದುರು ಪಕ್ಷದವನೇ ಕೈ ಕೊಡುತ್ತಾನೆಂಬ ನಂಬಿಕೆ ಇರಲೇಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಪೊಲೀಸರು ಈ ಆಟವನ್ನು ಬೀದಿಯಿಂದ ಓಡಿಸಲು ನೋಡಿದರು, ಆಗಲಿಲ್ಲ. ಎರಡು ಮಹಾಯುದ್ಧಗಳ ಕಾಲದಲ್ಲೂ ಚೆಂಡು ಹಾರಿತು. 1968ರಲ್ಲೂ 2001ರಲ್ಲೂ ದನಗಳ ಕಾಲುಬಾಯಿ ಜ್ವರ, 2021ರಲ್ಲಿ ಕೋವಿಡ್ ಮಾತ್ರ ಅದನ್ನು ತಡೆದವು.

ಗೋಲು ಹೊಡೆಯುವ ಬಗೆ ನನಗೆ ಬಹಳ ಇಷ್ಟ. ಹಳ್ಳದ ನೀರಿನಲ್ಲಿ ನಿಂತು, ದಡದಲ್ಲಿ ನಿಲ್ಲಿಸಿದ ಬೀಸುಕಲ್ಲಿಗೆ ಚೆಂಡನ್ನು ಮೂರು ಸಲ ತಾಗಿಸಬೇಕು. ಒಂದು ಗೋಲು ಸ್ಟರ್ಸ್ಟನ್ನಿನಲ್ಲಿ, ಇನ್ನೊಂದು ಕ್ಲಿಫ್ಟನ್ನಿನಲ್ಲಿ. ಎರಡೂ ಕಡೆ ಹಿಂದೆ ಗಿರಣಿಗಳಿದ್ದವು. ಗೋಲು ಹೊಡೆದವರು ಚೆಂಡನ್ನು ಮನೆಗೆ ಒಯ್ಯುತ್ತಾರೆ. ಬಹುಮಾನವೆಂದರೆ ಅದೇ, ಹಣವಲ್ಲ.

ಆದರೆ ಮೆಚ್ಚಲಾಗದ್ದೂ ಇದೆ. ಹುಟ್ಟಿದ ದಡವೇ ಪಕ್ಷವನ್ನು ಗೊತ್ತುಮಾಡಿದರೆ, ಬೇರೆಡೆಯಿಂದ ಬಂದು ಇಲ್ಲಿ ಮನೆ ಮಾಡಿದವರು ಯಾರ ಕಡೆ? ಆಡಲು ಅವರಿಗೆ ಅಡ್ಡಿಯಿಲ್ಲ ನಿಜ, ಆದರೂ ಹುಟ್ಟಿನಿಂದ ಬರುವ ಹಕ್ಕಿನ ತೂಕವೇ ಬೇರೆ. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಹೆಂಗಸರ ಪಾಲು. ಹಗ್‌ನ ನಡುವೆ ಗಂಡಸರದೇ ಮೇಲುಗೈ. ಚೆಂಡು ಹಾರಿಸುವ ಗೌರವವೂ ಹೆಚ್ಚಾಗಿ ಅವರಿಗೇ. 1928ರಲ್ಲಿ ವೇಲ್ಸ್ ರಾಜಕುಮಾರ ಚೆಂಡು ಹಾರಿಸಿದ ಮೇಲೆ ಆಟದ ಹೆಸರಿಗೆ 'ರಾಯಲ್' ಸೇರಿತು. 2003ರಲ್ಲಿ, ಆಗ ವೇಲ್ಸ್ ರಾಜಕುಮಾರರಾಗಿದ್ದ ಚಾರ್ಲ್ಸ್ ಹಾರಿಸಿದರು. ಆದರೂ 1943ರಲ್ಲಿ ಇಬ್ಬರು ಹೆಂಗಸರು ಗೋಲು ಹೊಡೆದದ್ದನ್ನು ಊರು ಇಂದಿಗೂ ಹೇಳಿಕೊಳ್ಳುತ್ತದೆ. ಹಾಗೆ ಹೇಳಿಕೊಳ್ಳುವ ಊರು ವರ್ಷ ಬಿಟ್ಟು ವರ್ಷ ಒಬ್ಬ ಹೆಂಗಸಿನ ಕೈಗೆ ಚೆಂಡು ಕೊಟ್ಟು ಆ ಕಟ್ಟೆ ಹತ್ತಿಸಲಿ. ಅದಕ್ಕೆ ಯಾವ ಕಟ್ಟಳೆಯನ್ನೂ ತಿದ್ದಬೇಕಾಗಿಲ್ಲ.