ಗೋಡೆ ಪೆಟ್ಟಿಗೆಗಿಂತ ಮೊದಲು

ಕಾರು ನೋಡೋಕೆ ಅಂತ ಇಂದಿರಾನಗರದ ಶೋರೂಮೊಂದಕ್ಕೆ ಹೋದರೆ, ಅಲ್ಲಿ ಕಾರಿಗಿಂತ ಜಾಸ್ತಿ ಹೊತ್ತು ತೋರಿಸಿದ್ದು ಗೋಡೆಗೆ ಹಾಕುವ ಚಾರ್ಜರ್ ಪೆಟ್ಟಿಗೆಯನ್ನು. 7.2 ಕಿಲೋವ್ಯಾಟ್, ಮೊಬೈಲ್ ಆಪ್, ನೀಲಿ ಲೈಟು. ‘ಮಾಮೂಲಿ ಪ್ಲಗ್ಗಲ್ಲಿ ರಾತ್ರಿಯೆಲ್ಲಾ ಬೇಕು ಸರ್, ಇದ್ರಲ್ಲಿ ಅರ್ಧ ಟೈಮೂ ಬೇಡ’ ಅಂದ ಹುಡುಗ. ಸುಳ್ಳೇನಲ್ಲ. ಆದರೆ ರಾತ್ರಿಯೆಲ್ಲಾ ಕಾರಿಗೆ ಬೇರೇನು ಕೆಲಸ ಇರುತ್ತೆ?

ಲೆಕ್ಕ ಹಾಕಿ ನೋಡಿ. ಹಲಸೂರಿನಿಂದ ಕೆ.ಆರ್. ಪುರದ ಆಫೀಸಿಗೆ ಹೋಗಿಬಂದು, ಸಂಜೆ ಶಿವಾಜಿನಗರಕ್ಕೆ ಒಂದು ಸುತ್ತು ಹಾಕಿದರೂ ದಿನಕ್ಕೆ 35 ಕಿಲೋಮೀಟರ್ ದಾಟೋದು ಕಷ್ಟ. ಯೂನಿಟ್‌ಗೆ ಆರೇಳು ಕಿಲೋಮೀಟರ್ ಓಡಿದರೆ ಐದಾರು ಯೂನಿಟ್ ಸಾಕು. 15 ಆಂಪ್ ಸಾಕೆಟ್ ಗಂಟೆಗೆ ಮೂರು ಯೂನಿಟ್ ಆರಾಮಾಗಿ ಕೊಡುತ್ತೆ. ಎರಡು ಗಂಟೆ, ಮುಗೀತು. ಇದೇ ಊರಲ್ಲಿ ತಯಾರಾದ ರೇವಾ 2001ರಿಂದ ಇಂಥದೇ ಪ್ಲಗ್ ನೆಚ್ಚಿಕೊಂಡು ಓಡಾಡಿತ್ತು.

ದೊಡ್ಡ ಪೆಟ್ಟಿಗೆ ಯಾರಿಗೂ ಬೇಡ ಅಂತಲ್ಲ. ದಿನಾ ನೂರೈವತ್ತು ಕಿಲೋಮೀಟರ್ ಓಡಿಸೋರಿಗೆ, ಮನೇಲಿ ಎರಡು ಇವಿ ಇರೋರಿಗೆ ಬೇಕು. ನನ್ನ ತಕರಾರು ಇರೋದು ಬ್ರೋಶರ್ ಏನನ್ನು ಹೇಳೋದಿಲ್ಲ ಅನ್ನೋದರ ಬಗ್ಗೆ. ಮನೆಯ ಮಂಜೂರಾದ ಲೋಡ್ ಮೂರೇ ಕಿಲೋವ್ಯಾಟ್ ಇದ್ದರೆ ಈ ಪೆಟ್ಟಿಗೆಗೋಸ್ಕರ ಬೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಏರಿಸಬೇಕು. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ. ಕಾರು ಓಡಲಿ ಬಿಡಲಿ, ತಿಂಗಳು ತಿಂಗಳು ಕಟ್ಟಬೇಕು. ಇನ್ನೊಂದು: ಕಾರಿಗೇ ತಿಂಗಳಿಗೆ 150 ಯೂನಿಟ್ ಆಸುಪಾಸು ಬೇಕು. ಅದು ಮನೆ ಮೀಟರಿನಲ್ಲೇ ಓಡಿದರೆ ಒಟ್ಟು 200 ಸುಲಭವಾಗಿ ದಾಟುತ್ತೆ. 2023ರಿಂದ ಗೃಹಜ್ಯೋತಿಯಲ್ಲಿ ಸೊನ್ನೆ ಬರ್ತಿದ್ದ ಬಿಲ್ಲು ಆಗ ಪೂರ್ತಿ ಬರುತ್ತೆ. ಇವಿಗೆಂದೇ ಬೇರೆ ಮೀಟರ್ ತೆಗೆದುಕೊಳ್ಳಬಹುದು ಅನ್ನೋದನ್ನು ಆ ಹುಡುಗ ಹೇಳಲೇ ಇಲ್ಲ. ಅವನಿಗೂ ಗೊತ್ತಿತ್ತೋ ಇಲ್ಲವೋ ಪಾಪ.

ಹಾಗಂತ ಕೈಗೆ ಸಿಕ್ಕ ಪ್ಲಗ್ಗಿಗೆ ಚುಚ್ಚೋದೂ ತಪ್ಪೇ, ಆ ತಪ್ಪನ್ನ ನಾನೇ ಮಾಡಿದೆ. ಹಳೇ ಗೀಸರ್ ಲೈನಿನಿಂದ ವೈರ್ ಎಳೆದು ಹಾಕಿದೆ. ಮೂರನೇ ದಿನಕ್ಕೆ ಸಾಕೆಟ್ ಕಂದಿ, ಪ್ಲಾಸ್ಟಿಕ್ ಸುಟ್ಟ ವಾಸನೆ. ಗೀಸರ್ ಹದಿನೈದು ನಿಮಿಷ ಉರಿದು ಆರುತ್ತೆ, ಕಾರು ಗಂಟೆಗಟ್ಟಲೆ ಒಂದೇ ಸಮ ಎಳೆಯುತ್ತೆ. ಎಲೆಕ್ಟ್ರಿಷಿಯನ್ ಬಂದವರು ಬೈದು, ಮೇನ್ ಬೋರ್ಡಿನಿಂದ ದಪ್ಪ ವೈರಿನ ಬೇರೆಯೇ ಲೈನ್ ಎಳೆದರು. ಎಂಸಿಬಿ ಇದೆಯಲ್ಲ ಅಂದೆ. ‘ಅದು ವೈರ್ ಕಾಯುತ್ತೆ ಸಾರ್, ನಿಮ್ಮನ್ನ ಕಾಯೋದು ಆರ್‌ಸಿಸಿಬಿ’ ಅಂದರು. ಆಮೇಲೆ ಅರ್ತಿಂಗ್ ನೋಡಿದರೆ ಅದು ಹೆಸರಿಗಷ್ಟೇ ಇತ್ತು. ಅರ್ತ್ ಸರಿ ಇಲ್ಲದಿದ್ದರೆ ಎಷ್ಟೇ ದುಬಾರಿ ಪೆಟ್ಟಿಗೆ ತಂದರೂ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತೆ.

ಇದೆಲ್ಲ ನಿಲ್ಲಿಸೋಕೆ ಸ್ವಂತ ಜಾಗ ಇದ್ದವರ ಮಾತು. ಕೆ.ಆರ್. ಪುರದ ಅಪಾರ್ಟ್‌ಮೆಂಟಿನಲ್ಲಿ ಮೀಟರ್ ಒಂದು ಮೂಲೆ, ಪಾರ್ಕಿಂಗ್ ಇನ್ನೊಂದು ಮೂಲೆ. ವೈರಿನ ಖರ್ಚೇ ಭಾರಿ, ಅಸೋಸಿಯೇಷನ್ ಒಪ್ಪಿಗೆ ಬೇರೆ. ನೆಟ್‌ವರ್ಕ್ ಸಿಗದ ಬೇಸ್‌ಮೆಂಟಲ್ಲಿ ಆಪ್ ಇಟ್ಟುಕೊಂಡು ಏನು ಮಾಡೋದು? ಹಲಸೂರಿನ ಹಳೇ ಗಲ್ಲಿಗಳಲ್ಲಂತೂ ಕಾರು ನಿಲ್ಲೋದೇ ರಸ್ತೇಲಿ. ಫುಟ್‌ಪಾತ್ ಮೇಲೆ ವೈರ್ ಹಾಸೋಕಾಗುತ್ತಾ? ಅವರಿಗೆ ಯಾವ ಬ್ರೋಶರಿನಲ್ಲೂ ಪುಟ ಇಲ್ಲ.

ನಮ್ಮ ಗೋಡೆ ಇನ್ನೂ ಖಾಲಿ. ಬೇಸಿಗೆ ಬಂದರೆ ಅರ್ತಿಂಗ್ ಗುಂಡಿಗೆ ವಾರಕ್ಕೊಂದು ಬಿಂದಿಗೆ ನೀರು ಹುಯ್ಯೋದು ಮಾತ್ರ ನನ್ನ ಪಾಲಿಗೆ ಬಂದ ಹೊಸ ಕೆಲಸ.