ಒಂದು ಬಲಿಪೀಠ, ಎರಡು ಹಜಾರ

ತಿರುನೆಲ್ವೇಲಿ ಜಿಲ್ಲೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಪೂರ್ತಿಯಾದ ಪವಿತ್ರ ಕುಟುಂಬದ ಚರ್ಚೊಂದಿದೆ. ಅದರ ನಕ್ಷೆ ಪ್ಯಾಂಟಿನ ಎರಡು ಕಾಲುಗಳ ಹಾಗೆ: ಎರಡು ಉದ್ದನೆಯ ಹಜಾರಗಳು, ಅವು ಕೂಡುವ ತುದಿಯಲ್ಲಿ ಒಂದೇ ಬಲಿಪೀಠ. ಒಂದು ಹಜಾರ ವೆಳ್ಳಾಳ ಕ್ರೈಸ್ತರಿಗೆ, ಇನ್ನೊಂದು ನಾಡಾರರಿಗೆ ಮತ್ತು ಉಳಿದ ಜಾತಿಗಳಿಗೆ. ಪಾದ್ರಿ ಎಲ್ಲರಿಗೂ ಕಾಣಬೇಕು, ಭಕ್ತರು ಭಕ್ತರಿಗೆ ಕಾಣಬಾರದು.

ವಾಸ್ತುಶಿಲ್ಪ ಬಲ್ಲವರು ಇದನ್ನು ಅಪರೂಪದ ವಿನ್ಯಾಸ ಅನ್ನಬಹುದು. ಅನ್ನಲಿ. ಆದರೆ ಈ ಅಪರೂಪ ಯಾರ ಅಗತ್ಯಕ್ಕೆ ಹುಟ್ಟಿತು ಎಂದು ಕೇಳದ ಸೌಂದರ್ಯಪ್ರಜ್ಞೆ ನಮಗೆ ಬೇಡ. ಇಲ್ಲಿ ಜಾತಿ ಕಟ್ಟಡದೊಳಕ್ಕೆ ಆಮೇಲೆ ನುಸುಳಿದ್ದಲ್ಲ. ಕಟ್ಟಡವೇ ಜಾತಿಯ ಅಳತೆಗೆ ಎದ್ದಿದ್ದು. ಜ್ಞಾನಸ್ನಾನ, ಮದುವೆ, ಹಬ್ಬ, ಸಾವು ಇವುಗಳಲ್ಲಿ ಊರನ್ನು ಕೂಡಿಸಬೇಕಾದ ಮನೆಯೇ ಊರನ್ನು ವಾರವಾರವೂ ಬೇರೆ ಮಾಡಿತು.

1910ರಲ್ಲಿ ನಡುವಿನ ಗೋಡೆ ಬಿತ್ತು. ವೆಳ್ಳಾಳರು ಕೋರ್ಟಿಗೆ ಹೋದರು. ಪ್ರತ್ಯೇಕವಾಗಿ ಕೂರುವ ಅವರ ಹಕ್ಕನ್ನು ಮದ್ರಾಸ್ ಹೈಕೋರ್ಟು ಒಪ್ಪಲಿಲ್ಲ. ಇಲ್ಲಿಗೆ ಕತೆ ಸುಖಾಂತ ಅಂತ ಬರೆಯೋದು ಸುಲಭ. ಆದರೆ ಮೇಲೆ ನಾನೇ 'ಉಳಿದ ಜಾತಿಗಳು' ಅಂತ ಬರೆದುಬಿಟ್ಟೆ, ಗಮನಿಸಿ. ಗೋಡೆಯ ಇತಿಹಾಸ ವೆಳ್ಳಾಳ-ನಾಡಾರ್ ಜಗಳದ ಇತಿಹಾಸವಾಗಿಯೇ ಉಳಿದಿದೆ. ದಲಿತ ಕ್ರೈಸ್ತ ಆ 'ಉಳಿದ' ಎಂಬ ಮಾತಿನೊಳಗೆ ಕಾಣೆಯಾಗಿದ್ದಾನೆ. ನಮ್ಮ ವಿಮರ್ಶೆ ಶುರುವಾಗಬೇಕಾದ್ದು ಆ ಮಾತಿನಿಂದಲೇ.

ಆ ಕಾಣೆಯಾದ ದನಿ ಕೇಳಿಸಿದ್ದು 1992ರಲ್ಲಿ, ತಮಿಳಿನ ಬಾಮಾ ಅವರ 'ಕರುಕ್ಕು'ವಿನಲ್ಲಿ. ಗೋಡೆ ಬಿದ್ದು ಎಂಬತ್ತು ವರ್ಷದ ಮೇಲೂ ಧರ್ಮಸಭೆಯೊಳಗಿನ ಜಾತಿಯನ್ನು ಒಬ್ಬ ದಲಿತ ಹೆಣ್ಣುಮಗಳು, ಕಾನ್ವೆಂಟಿನಿಂದ ಹೊರಬಂದು, ಬರೆಯಬೇಕಾಯಿತು. ಅವರಿಗೆ ಅಕ್ಷರ ಕೊಟ್ಟದ್ದೂ ಅದೇ ಧರ್ಮದ ಶಾಲೆ ಎಂಬುದನ್ನು ಮರೆಯಬಾರದು. ಬಿಡುಗಡೆಯೂ ಅವಮಾನವೂ ಒಂದೇ ಬಾಗಿಲಲ್ಲಿ ಬಂದವು.

ಈ ಚರ್ಚು ಇನ್ನೊಂದಕ್ಕೂ ಸಾಕ್ಷಿ. ಪರಿಶಿಷ್ಟ ಜಾತಿಗಳ 1950ರ ರಾಷ್ಟ್ರಪತಿ ಆದೇಶ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡಿತು. ಕ್ರೈಸ್ತ ದಲಿತರನ್ನು ಹೊರಗೇ ಬಿಟ್ಟಿತು. ಕ್ರೈಸ್ತರಲ್ಲಿ ಜಾತಿ ಇಲ್ಲವಲ್ಲ ಅಂತಾರೆ. ಹಾಗನ್ನುವವರು ಈ ನಕ್ಷೆಯನ್ನೊಮ್ಮೆ ಬಿಡಿಸಿ ನೋಡಲಿ.

ನಾವು ಗುಡಿ, ಕೆರೆ, ಹೋಟೆಲುಗಳನ್ನು ಓದಿದೆವು, ಚರ್ಚನ್ನು ಓದಲಿಲ್ಲ. ಮತಾಂತರ ಎಂದರೆ ಬಿಡುಗಡೆ ಅಂತ ನಾನು ತರಗತಿಯಲ್ಲಿ ಹೇಳಿ ಹೊರಬಂದ ದಿನ ಒಬ್ಬ ವಿದ್ಯಾರ್ಥಿ ಹಿಂದೆಯೇ ಬಂದು ಕೇಳಿದ: "ಸಾರ್, ಬಿಡುಗಡೆ ಆದೋರ್ನ ಮಣ್ಣು ಮಾಡೋ ಜಾಗ ಯಾಕೆ ಸಾರ್ ಬೇರೆ?"

ಅವನಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಈ ಬರಹ ಅವನಿಗೆ ಸಲ್ಲಬೇಕಾದ್ದು.